ಗೇರ್‌ಬಾಕ್ಸ್ ಜಗ್ಗುತ್ತೆ ಅಂತ ಗೊತ್ತಿದ್ದೂ 14 ವರ್ಷದ ಹಳೇ ಆಡಿ ಟಿಟಿ ತಗೊಳ್ಬಹುದಾ? ಶಿವಮೊಗ್ಗ ಕಡೆಯವರು ಹೇಳಿ

ಅಡಿಕೆತೋಟದ ಹುಡುಗ
ಮಂಗಳವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ, ಬಿಡುವಾದಾಗ ಅಪ್ಪನ ಜೊತೆ ತೋಟ. ಸದ್ಯಕ್ಕೆ ಇರುವುದು 2014ರ ಡೀಸೆಲ್ ಸ್ವಿಫ್ಟ್. ಅದರ ಮೇಲೆ ದೂರೇನೂ ಇಲ್ಲ, ಗೊಬ್ಬರದ ಚೀಲ ಹೇರಿಕೊಂಡೂ ನಮ್ಮನೆ ಏರು ಹತ್ತುತ್ತೆ. ವಿಷಯ ಅದಲ್ಲ.

ಶಿವಮೊಗ್ಗದಲ್ಲಿ ಒಂದು ಆಡಿ ಟಿಟಿ ಮಾರಾಟಕ್ಕಿದೆ. 2011ರ ಮಾಡೆಲ್, 2 ಲೀಟರ್ ಟರ್ಬೊ ಪೆಟ್ರೋಲ್, 211 ಎಚ್‌ಪಿ, ಕ್ವಾಟ್ರೋ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತೆ), 6 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಕೆಂಪು. ಬೆಂಗಳೂರಿನ ನಂಬರ್. ನಾನು ತಗೊಂಡರೆ ಮೂರನೇ ಓನರ್. ಮೀಟರ್ 68,000 ತೋರಿಸುತ್ತಿದೆ. ಕೇಳುತ್ತಿರುವುದು 11.5 ಲಕ್ಷ, "ಬನ್ನಿ, ಕೂತು ಮಾತಾಡೋಣ" ಅಂದಿದ್ದಾರೆ.

ಓನರ್ ಒಳ್ಳೆಯವರ ಹಾಗೆ ಕಂಡರು. ತಾವಾಗಿಯೇ ಮೂರು ತೊಂದರೆ ಹೇಳಿದರು. ಗಾಡಿ ಬಿಸಿಯಾದ ಮೇಲೆ ಎರಡರಿಂದ ಒಂದನೇ ಗೇರಿಗೆ ಇಳಿಯುವಾಗ ಜಗ್ಗುತ್ತೆ. ಎಂಜಿನ್ ಆಯಿಲ್ ಕುಡಿಯುತ್ತೆ, 1,200 ಕಿಲೋಮೀಟರಿಗೆ ಹೆಚ್ಚುಕಮ್ಮಿ ಒಂದು ಲೀಟರ್. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಲೀಕ್ ಇವೆ. "ಡಿಎಸ್‌ಜಿ ಆಯಿಲ್ ಒಂದು ಬದಲಾಯಿಸಿದ್ರೆ ಜಗ್ಗೋದು ಹೋಗುತ್ತೆ, ನನಗೆ ಟೈಮ್ ಆಗ್ಲಿಲ್ಲ" ಅಂದರು. ಸರ್ವಿಸ್ ಬಿಲ್ಲು 41,000 ಕಿಲೋಮೀಟರ್ ತನಕ ಇವೆ, ಆಮೇಲಿನದ್ದು ಇಲ್ಲ. ಕಳೆದ ಎಂಟು ತಿಂಗಳಿಂದ ಗಾಡಿ ಹೆಚ್ಚು ಓಡಿಲ್ಲ, ಶೆಡ್ಡಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ್ದಾರೆ.

ನಿಜ ಹೇಳ್ತೀನಿ, ಹೊದಿಕೆ ತೆಗೆದ ತಕ್ಷಣ ನನ್ನ ಬುದ್ಧಿ ಅರ್ಧ ಹೋಯಿತು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಗೋಡೆಗೆ ಇದರದ್ದೇ ಪೋಸ್ಟರ್ ಅಂಟಿಸಿದ್ದವನು ನಾನು. ಈ ವರ್ಷ ಅಡಿಕೆ ರೇಟೂ ಪರವಾಗಿಲ್ಲ, ಕೈಯಲ್ಲಿ 12 ಲಕ್ಷ ಇದೆ, ಸಾಲ ಮಾಡುವ ಪ್ರಶ್ನೆ ಇಲ್ಲ. ಅಮ್ಮನಿಗೆ ಫೋಟೋ ತೋರಿಸಿದೆ. "ಹಿಂದಿನ ಸೀಟಲ್ಲಿ ಬಾಳೆಗೊನೆ ಇಡಬಹುದು, ಮನುಷ್ಯರು ಕೂರೋದೆಲ್ಲಿ?" ಅಂತ ಕೇಳಿದರು. ಅಪ್ಪ ಏನೂ ಮಾತಾಡಲಿಲ್ಲ. ಅದೇ ಹೆದರಿಕೆ.

ಸ್ವಿಫ್ಟ್ ಮನೆಯಲ್ಲೇ ಇರುತ್ತೆ, ಇದು ಭಾನುವಾರಕ್ಕೆ. ತೊಂದರೆ ಏನೇನು ಅಂತ ಮೊದಲೇ ಗೊತ್ತಿರುವಾಗ ಧೈರ್ಯ ಮಾಡಬಹುದಲ್ವಾ? ಯಾವ ರೇಟಿಗೆ ಮಾಡಬಹುದು?


ಬಿ.ಎಚ್. ರೋಡ್ ಬಾಸ್
ಮಂಗಳವಾರ ರಾತ್ರಿ 10:58

ಸುಮ್ನೆ ಬಿಡಿ ಗುರುಗಳೇ. ಅದೇ ದುಡ್ಡಿಗೆ ಶೋರೂಮಿನಿಂದ ಹೊಸ ಕಾರು ಬರುತ್ತೆ, ಪ್ಲಾಸ್ಟಿಕ್ ಕವರ್ ಸಮೇತ. ಹಳೇ ಆನೆ ಕಟ್ಟಿಕೊಂಡರೆ ಸಕ್ರೆಬೈಲು ಆನೆ ಬಿಡಾರದವರೂ ಬಂದು ಮೇವು ಹಾಕಲ್ಲ.


ಸಾಗರ ರೋಡ್ ಸ್ಪ್ಯಾನರ್
ಬುಧವಾರ ಬೆಳಿಗ್ಗೆ 6:20

ಮೇಲಿನವರ ಮಾತಿಗೆ ಬೇಜಾರು ಮಾಡ್ಕೋಬೇಡಿ. ಆಸೆ ಇರೋರಿಗೆ "ಹೊಸದು ತಗೊಳ್ಳಿ" ಅನ್ನೋದು ಉತ್ತರ ಅಲ್ಲ. ನಾನು 19 ವರ್ಷದಿಂದ ಆಟೋ ಕಾಂಪ್ಲೆಕ್ಸ್ ಕಡೆ ಕೆಲಸ ಮಾಡ್ತಿದ್ದೀನಿ. ಜರ್ಮನ್ ಗಾಡಿಗಳೂ ಕೈಗೆ ಬಂದಿವೆ. ಸ್ವಲ್ಪ ಉದ್ದ ಬರೀತೀನಿ, ಚಹಾ ಇಟ್ಕೊಂಡು ಓದಿ.

ಓನರ್ ಹೇಳಿದ ಮೂರು ತೊಂದರೆಗೆ ನಾನು ಹೆದರಲ್ಲ. ಅವಕ್ಕೆ ರೇಟು ಕಟ್ಟಬಹುದು. ಅವರು ಹೇಳದೆ ಬಿಟ್ಟ ನಾಲ್ಕನೇದು ಒಂದಿದೆ, ಟೈಮಿಂಗ್ ಚೈನ್. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಗೇರ್‌ಬಾಕ್ಸ್. ಇದು 7 ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಅಲ್ಲ, 6 ಗೇರಿನ ಒದ್ದೆ ಕ್ಲಚ್ಚಿನದು. ಎರಡು ಕ್ಲಚ್ಚೂ ಆಯಿಲ್ಲಿನಲ್ಲೇ ಮುಳುಗಿರುತ್ತವೆ. ಗೇರ್ ಬದಲಾಯಿಸೋ ಮಿದುಳು, ಅಂದ್ರೆ ಮೆಕಾಟ್ರಾನಿಕ್, ಅದೂ ಅದೇ ಆಯಿಲ್ಲಿನಿಂದಲೇ ಕೆಲಸ ಮಾಡೋದು. ಕ್ಲಚ್ ಸವೆದ ಪುಡಿ ಆ ಆಯಿಲ್ಲಿಗೇ ಸೇರುತ್ತೆ. ಅದಕ್ಕೇ 60,000 ಕಿಲೋಮೀಟರಿಗೆ ಒಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಲೇಬೇಕು. ನಿಮ್ಮದು 68,000, ಬಿಲ್ಲು 41,000ಕ್ಕೆ ನಿಂತಿದೆ. ಅಂದ್ರೆ ಒಳಗಿರೋದು 14 ವರ್ಷದ ಹಳೇ ಕಷಾಯ. ಇದು ಗಾಡಿ ತಪ್ಪಲ್ಲ, ಇಟ್ಕೊಂಡವರ ತಪ್ಪು. ಆಯಿಲ್ ಬದಲಾಯಿಸಿದ್ರೆ ಸರಿಹೋಗಬಹುದು, ಹೋಗದೆಯೂ ಇರಬಹುದು. ಪುಡಿ ಹೋಗಿ ಮೆಕಾಟ್ರಾನಿಕ್ ಒಳಗೆ ಆಯಿಲ್ ಹರಿವು ಹಿಡಿತದಲ್ಲಿಡೋ ಸೊಲೆನಾಯ್ಡ್ ವಾಲ್ವಲ್ಲಿ ಕೂತಿದ್ರೆ ಬರೀ ಆಯಿಲ್ಲಿಗೆ ಅದು ಬಗ್ಗಲ್ಲ, ಮೆಕಾಟ್ರಾನಿಕ್ ಬಿಚ್ಚಬೇಕು. ಓನರ್ "ಆಯಿಲ್ ಬದಲಾಯಿಸಿದ್ರೆ ಸಾಕು" ಅಂತಾರಲ್ಲ, ಹಾಗಾದ್ರೆ ಬದಲಾಯಿಸಿಯೇ ಮಾರಬಹುದಿತ್ತಲ್ವಾ? 30 ಸಾವಿರದೊಳಗಿನ ಕೆಲಸಕ್ಕೆ ಲಕ್ಷಗಟ್ಟಲೆ ರೇಟು ಯಾರು ಬಿಡ್ತಾರೆ.

ಆ ಆಯಿಲ್ ಹಾಕೋಕೂ ಕ್ರಮ ಇದೆ. ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್ ಆಯಿಲ್ಲಿನ ಬಿಸಿ 35ರಿಂದ 45 ಡಿಗ್ರಿ ಒಳಗೆ ಇದ್ದಾಗ, ಎಂಜಿನ್ ಓಡ್ತಾ ಇರುವಾಗಲೇ ಲೆವೆಲ್ ನೋಡಬೇಕು. ಅಂದಾಜಿನ ಮೇಲೆ ಸುರಿಯೋರ ಹತ್ತಿರ ಬಿಡಬೇಡಿ. ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸೋ ಹ್ಯಾಲ್ಡೆಕ್ಸ್ ಕಪ್ಲಿಂಗಿಗೂ ಬೇರೆ ಆಯಿಲ್ ಇದೆ. ಅದನ್ನಂತೂ ಎಲ್ಲರೂ ಮರೀತಾರೆ.

ಆಯಿಲ್ ಕುಡಿಯೋದು. ಕಂಪನಿ ಪುಸ್ತಕದಲ್ಲೇ 1,000 ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಸರಿ ಅಂತಿದೆ. ನಿಮ್ಮ ಲೆಕ್ಕ ಅದನ್ನ ದಾಟಿದೆ. ಆ ಕಾಲದ ಈ ಎಂಜಿನ್ ಆಯಿಲ್ ಜಾಸ್ತಿ ಕುಡಿಯೋದು ಊರಿಗೆಲ್ಲ ಗೊತ್ತಿರೋ ವಿಷಯ. ಪಿಸ್ಟನ್ನಿನ ಆಯಿಲ್ ರಿಂಗಿನಲ್ಲಿ ಆಯಿಲ್ ಇಳಿಯೋ ತೂತು ಸಣ್ಣದು, ಕಾರ್ಬನ್ ಕಟ್ಟಿ ಮುಚ್ಚಿಕೊಳ್ಳುತ್ತೆ. ಅದಕ್ಕೆ ಎಂಜಿನ್ ಬಿಚ್ಚಿ ಪಿಸ್ಟನ್, ರಿಂಗ್ ಬದಲಾಯಿಸೋದೊಂದೇ ದಾರಿ. ನಮ್ಮಲ್ಲಿ 3 ಲಕ್ಷಕ್ಕೆ ಕಮ್ಮಿ ಯಾರೂ ಹೇಳಲ್ಲ. ಆದ್ರೆ ಅಷ್ಟು ದೂರ ಹೋಗೋಕೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎಂಜಿನ್ ಸುಮ್ನೆ ಓಡ್ತಿರುವಾಗ ಆಯಿಲ್ ತುಂಬೋ ಮುಚ್ಚಳ ಬಿಚ್ಚಿ. ಮುಚ್ಚಳ ಬಿಡದೆ ಒಳಗೆ ಎಳೆದು ಹಿಡಿದ ಹಾಗಾದ್ರೆ, ಅಥವಾ ಸಿಳ್ಳೆ ಹೊಡೆದ ಹಾಗೆ ಶಬ್ದ ಬಂದ್ರೆ, ಪಿಸಿವಿ, ಅಂದ್ರೆ ಎಂಜಿನ್ ಒಳಗಿನ ಗ್ಯಾಸನ್ನ ವಾಪಸ್ ಗಾಳಿ ದಾರಿಗೆ ಕಳಿಸೋ ವಾಲ್ವ್, ಅದರ ಒಳಗಿನ ರಬ್ಬರ್ ಪೊರೆ ಹರಿದಿದೆ. ಅದು ಸಣ್ಣ ಖರ್ಚು. ಆಯಿಲ್ ಹೋಗ್ತಿರೋದು ಅದರಿಂದಲೇ ಆಗಿದ್ರೆ ನಿಮ್ಮ ಪುಣ್ಯ.

ಶಾಕ್ ಬಗ್ಗೆ ಜಾಸ್ತಿ ಹೇಳಲ್ಲ. ಎಲೆಕ್ಟ್ರಾನಿಕ್ ಇರೋ ಮ್ಯಾಗ್ನೆಟಿಕ್ ಶಾಕಾ, ಸಾದಾ ಶಾಕಾ ಕೇಳಿ. ಸಾದಾ ಆದ್ರೆ ತಲೆಬಿಸಿ ಇಲ್ಲ.

ಈಗ ಚೈನ್. ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚಿಸೋಕೆ ಇದರಲ್ಲಿ ಬೆಲ್ಟ್ ಇಲ್ಲ, ಚೈನ್ ಇದೆ. ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಆಯಿಲ್ ಒತ್ತಡದ ಮೇಲೆ ನಿಂತಿರೋದು. ಗಾಡಿ ನಿಂತಾಗ ಒತ್ತಡ ಇರಲ್ಲ, ಆಗ ಒಂದು ಸಣ್ಣ ಹಲ್ಲು ಅದನ್ನ ಹಿಂದೆ ಸರಿಯದ ಹಾಗೆ ಹಿಡಿಯಬೇಕು. ಸುಮಾರು 2012ಕ್ಕೆ ಮೊದಲಿನವುಗಳಲ್ಲಿ ಆ ಹಲ್ಲೇ ಸೋಲುತ್ತೆ. ಸೋತರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಚೈನ್ ಸಡಿಲ, ಒಂದು ಹಲ್ಲು ಹಾರಿದ್ರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತೆ. ಎಂಜಿನ್ ಮುಗೀತು. ಮುಂಚೆ ಸೂಚನೆ ಕೊಡೋದೂ ಎರಡೇ ಸೆಕೆಂಡು, ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ತಗಡಿನ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಗಲಗಲ. ಬಿಸಿ ಎಂಜಿನ್ನಿನಲ್ಲಿ ಅದು ಕೇಳಲ್ಲ.

ಅದಕ್ಕೇ ಬೆಳಿಗ್ಗೆ ಹೋಗಿ. ಹೋದ ತಕ್ಷಣ ಮಾತಾಡೋ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ವಾಪಸ್ ಬನ್ನಿ. ಸ್ಕ್ಯಾನರ್ ಇರೋರನ್ನ ಕರ್ಕೊಂಡು ಹೋಗಿ 93ನೇ ಬ್ಲಾಕಿನ ಅಂಕಿ ನೋಡಿಸಿ. ಸೊನ್ನೆ ಹತ್ತಿರ ಇದ್ರೆ ಸಮಾಧಾನ, ಮೈನಸ್ ಕಡೆ ದೂರ ಹೋದಷ್ಟೂ ಚೈನ್ ಹಿಗ್ಗಿದೆ ಅಂತ ಲೆಕ್ಕ. ಆಮೇಲೆ ಗಾಜನೂರು ದಾಟಿ ಮಂಡಗದ್ದೆ ತನಕ ಓಡಿಸಿ. ಜೋರಾಗಿ ಓಡಿಸಿದ್ರೆ ಎಲ್ಲ ಗಾಡಿಯೂ ಚೆನ್ನಾಗೇ ಇರುತ್ತೆ. ವಾಪಸ್ ಬಂದು ಗಾಂಧಿ ಬಜಾರ್ ಟ್ರಾಫಿಕ್ಕಿನಲ್ಲಿ ತೆವಳಿಸಿ, ಆಮೇಲೆ ಒಂದು ಏರಿನಲ್ಲಿ ನಿಧಾನಕ್ಕೆ ರಿವರ್ಸ್ ಹತ್ತಿಸಿ. ಡಿಎಸ್‌ಜಿ ಬಣ್ಣ ಅಲ್ಲಿ ಬಯಲಾಗುತ್ತೆ.

ಇನ್ನೊಂದು ಮಾತು. ಡೆಂಟ್ ಮುಚ್ಚೋಕೆ ಮೆತ್ತಿದ ಪುಟ್ಟಿಯನ್ನ ಮ್ಯಾಗ್ನೆಟ್ ಹಿಡಿದು ಹುಡುಕೋ ಆಟ ಇದರ ಬಾನೆಟ್ ಮೇಲೆ ನಡೆಯಲ್ಲ. ಬಾನೆಟ್, ಮುಂದಿನ ಫೆಂಡರ್ ಎಲ್ಲ ಅಲ್ಯೂಮಿನಿಯಂ. ಡೆಂಟ್ ಆದ್ರೆ ನಮ್ಮ ಟಿಂಕರಿಂಗ್ ಹುಡುಗರು ಬಡಿದು ಸರಿ ಮಾಡೋ ಮಾಲಲ್ಲ ಅದು.


ಕೊಪ್ಪದ ಕಾಫಿಪುಡಿ
ಬುಧವಾರ ಮಧ್ಯಾಹ್ನ 1:15

ಸ್ಪ್ಯಾನರ್ ಅಣ್ಣ ಹೇಳಿದ್ದು ಗಾಡಿಯ ಕಥೆ. ನಾನು ದಾರಿಯ ಕಥೆ ಹೇಳ್ತೀನಿ.

ನಾನೂ ಒಂದು ಕಾಲದಲ್ಲಿ ಎರಡು ಬಾಗಿಲಿನ ಗಾಡಿ ಇಟ್ಟುಕೊಂಡಿದ್ದೆ, ಬೇರೆ ಕಂಪನಿಯದು, ಹೆಸರು ಬೇಡ. ಮೂರು ವರ್ಷದಲ್ಲಿ ಓಡಿಸಿದ್ದು 9,000 ಕಿಲೋಮೀಟರ್, ಅದರಲ್ಲಿ ಲಾರಿ ಮೇಲೆ ಹೋಗಿದ್ದೇ 1,400 ಇರಬೇಕು. ಜುಲೈಯಲ್ಲಿ ಒಂದು ಸಂಜೆ ಮನೆ ಗೇಟಿನ ಹತ್ತಿರವೇ ಗೇರ್ ಲಾಕ್ ಆಯಿತು. ಮಳೆ ಅಂದ್ರೆ ನಿಮಗೆ ಗೊತ್ತಲ್ಲ ಮಾರಾಯ್ರೆ, ಎದುರಿಗಿದ್ದವರ ಮಾತು ಕೇಳಲ್ಲ. ಶಿವಮೊಗ್ಗದಿಂದ ಫ್ಲಾಟ್‌ಬೆಡ್ ಕರೆಸಿದೆ. ಅದು ನಮ್ಮ ಮಣ್ಣಿನ ರಸ್ತೆಗೆ ಇಳಿಯಲ್ಲ ಅಂತ ಮೇಲೇ ನಿಂತಿತು. ಟ್ರ್ಯಾಕ್ಟರ್ ಕಟ್ಟಿ ಎಳೆದು ಮೇಲೆ ತಂದರೆ ಗಾಡಿಯ ಮೂತಿ ಎಷ್ಟು ಕೆಳಗೆ ಅಂದ್ರೆ ಲಾರಿಯ ರ‍್ಯಾಂಪಿಗೆ ಮೊದಲು ಬಂಪರ್ ತಾಗುತ್ತೆ, ಚಕ್ರ ಆಮೇಲೆ. ಕೊನೆಗೆ ತೋಟದ ಸಂಕಕ್ಕೆ ಅಂತ ಕಡಿದಿಟ್ಟಿದ್ದ ಅಡಿಕೆ ಮರದ ದಿಮ್ಮಿ, ಕೊಟ್ಟಿಗೆಯ ಎರಡು ಹಲಗೆ ತಂದು ಚಕ್ರದ ಕೆಳಗೆ ಜೋಡಿಸಿ, ನಾಲ್ಕು ಜನ ಕೊಡೆ ಹಿಡಿದು, ಇಬ್ಬರು ಕಾಲಿನ ಇಂಬಳ ಕೀಳುತ್ತಾ, ಒಂದೂವರೆ ಗಂಟೆ ಆಯಿತು ಹತ್ತಿಸೋಕೆ. ನಮ್ಮಮ್ಮ ಅಷ್ಟೂ ಜನಕ್ಕೆ ಎರಡು ಸಲ ಕಾಫಿ ಮಾಡಿದರು. ಅದು ಬೆಂಗಳೂರಿನ ವರ್ಕ್‌ಶಾಪಿನಲ್ಲಿ 47 ದಿನ ಇತ್ತು, ಪಾರ್ಟ್ ಬರಬೇಕು ಅಂತ.

ಇನ್ನೊಂದು, ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಎಂಜಿನ್ ಮೇಲೆ ಸಂಸಾರ ಹೂಡುತ್ತವೆ. ವೈರಿಂಗ್ ಕಡಿದು ನನಗೆ 38 ಸಾವಿರ ಬಿಲ್ಲು ಮಾಡಿಸಿದವು. ನಿಮ್ಮ ಗಾಡಿ ಎಂಟು ತಿಂಗಳು ಶೆಡ್ಡಿನಲ್ಲಿತ್ತು ಅಂದ್ರಲ್ಲ, ಟಾರ್ಚ್ ಹಿಡಿದು ಹಿಕ್ಕೆ ಇದೆಯಾ ನೋಡಿ. ತಮಾಷೆಗೆ ಹೇಳ್ತಿಲ್ಲ.

ನಿಮ್ಮ ಮನೆ ಡಾಂಬರು ರಸ್ತೆಯಿಂದ ಎಷ್ಟು ದೂರ? ಮೊದಲು ಅದನ್ನ ಹೇಳಿ. ಈ ಗಾಡಿ ನೆಲದಿಂದ ಒಂದು ಗೇಣೂ ಮೇಲಿಲ್ಲ.

ಆದರೂ ಒಂದು ಹೇಳಬೇಕು. ನವೆಂಬರ್ ಬೆಳಿಗ್ಗೆ ಮಂಜು ಬಿಡುವ ಹೊತ್ತಿಗೆ ಶೃಂಗೇರಿ ಕಡೆ ಖಾಲಿ ರಸ್ತೆಯಲ್ಲಿ ಓಡಿಸಿದ ಹತ್ತಿಪ್ಪತ್ತು ಸಲ ಇದೆಯಲ್ಲ, ಅದನ್ನ ಯಾರು ದುಡ್ಡು ಕೊಟ್ಟರೂ ವಾಪಸ್ ಕೊಡಲ್ಲ. ಮಾರುವ ದಿನ ಅತ್ತಿದ್ದೆ. ಈಗ ಜೀಪಿದೆ.


ಅಡಿಕೆತೋಟದ ಹುಡುಗ
ಬುಧವಾರ ರಾತ್ರಿ 9:30

ಸ್ಪ್ಯಾನರ್ ಅಣ್ಣ, ಇಷ್ಟು ಬರೆದಿದ್ದಕ್ಕೆ ಕೈ ಮುಗಿದೆ. ಕೊಪ್ಪದವರೇ, ಡಾಂಬರಿನಿಂದ ಮನೆಗೆ 600 ಮೀಟರ್ ಮಣ್ಣು ರಸ್ತೆ, ನಡುವೆ ದನ ದಾಟಬಾರದು ಅಂತ ಹಾಕಿದ ಕಬ್ಬಿಣದ ಜಾಲರಿ ಒಂದಿದೆ. ಪೇಟೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಶೆಡ್ ಇದೆ, ಅಲ್ಲಿ ಇಡಬಹುದು ಅಂದುಕೊಂಡಿದ್ದೇನೆ. ಆಯಿಲ್, ಶಾಕ್, ಗೇರ್‌ಬಾಕ್ಸ್ ಎಲ್ಲ ಸೇರಿಸಿ ಎರಡು ಲಕ್ಷ ಬಿಟ್ಟು 9.5ಕ್ಕೆ ಕೇಳಿದರೆ ಸರೀನಾ?


ವಿನೋಬನಗರ ವಾಸಿ
ಬುಧವಾರ ರಾತ್ರಿ 10:05

ಎಲ್ಲರೂ ಎಂಜಿನ್ ಬಗ್ಗೆ ಹೇಳ್ತಿದ್ದೀರಿ, ಕಾಗದ ಯಾರೂ ನೋಡಲಿಲ್ಲ. ನಾನು ಗಾಡಿ ಓಡಿಸೋದು ಕಮ್ಮಿ, ಆದರೆ ಯಜಮಾನರ ಟ್ರಾವೆಲ್ಸ್‌ನ ಆರ್‌ಟಿಒ ಕೆಲಸ ಎಲ್ಲ ನಾನೇ ನೋಡೋದು.

ಗಾಡಿ ರಿಜಿಸ್ಟರ್ ಆಗಿದ್ದು 2011ರಲ್ಲಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಅಂದ್ರೆ 2026. ಆಮೇಲೆ ರಿನ್ಯೂ ಮಾಡಿಸಿದರೆ 5 ವರ್ಷ. 2021ರ ಅಕ್ಟೋಬರಿನಲ್ಲಿ ಕೇಂದ್ರದವರು ಹೊಸ ಫೀಸು ತಂದರು, 2022ರ ಏಪ್ರಿಲ್ 1ರಿಂದ ಜಾರಿ. ಮಾಮೂಲಿ ಕಾರಿಗೆ 5,000. ಇಂಪೋರ್ಟೆಡ್ ಕಾರಿಗೆ 40,000. ಟಿಟಿ ಇಲ್ಲಿ ಜೋಡಿಸಿದ ಗಾಡಿ ಅಲ್ಲ, ಹಂಗೇರಿಯ ಗ್ಯೋರ್ ಫ್ಯಾಕ್ಟರಿಯಿಂದ ಹಾಗೇ ಹಡಗಲ್ಲಿ ಬಂದದ್ದು. ಆರ್‌ಸಿಯಲ್ಲಿ ಏನು ಬರೆದಿದ್ದಾರೆ ನೋಡಿ. ಜೊತೆಗೆ ಹಸಿರು ತೆರಿಗೆ, ಗಾಡಿಯನ್ನ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸೋದು ಬೇರೆ. ಆಗ ಹೊಗೆ ಜಾಸ್ತಿ ಬಂದರೆ? ಆಯಿಲ್ ಕುಡಿಯೋ ಗಾಡಿ ಅಂತ ನೀವೇ ಹೇಳಿದ್ದೀರಿ.

ಮೊದಲಿನ ಓನರ್ ಸಾಲ ಮಾಡಿ ತಗೊಂಡಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆದಿದ್ದಾರಾ ನೋಡಿ. ಅದಕ್ಕೆ ಬೇಕಾದ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ಒಪ್ಪಿಗೆ ಪತ್ರ) ಇಲ್ಲದೆ, ಓನರ್ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಏನೂ ಪ್ರಯೋಜನ ಇಲ್ಲ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ 14 ದಿನದೊಳಗೆ ಬದಲಾಯಿಸೋಕೆ ಅರ್ಜಿ ಕೊಡಬೇಕು. ಇಷ್ಟು ಹಳೇ ಗಾಡಿಗೆ ಜೀರೋ ಡೆಪ್ (ಸವೆತ ಅಂತ ಕಳೆಯದೆ ಪಾರ್ಟಿನ ದುಡ್ಡು ಕೊಡೋ ಇನ್ಶೂರೆನ್ಸ್) ಸಿಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ.


ಸಾಗರ ರೋಡ್ ಸ್ಪ್ಯಾನರ್
ಗುರುವಾರ ಬೆಳಿಗ್ಗೆ 6:05

ಮೇಡಂ ಹೇಳಿದ 40,000 ನನಗೂ ಹೊಳೆದಿರಲಿಲ್ಲ. ಒಳ್ಳೇದಾಯ್ತು.

ತಮ್ಮಾ, 9.5 ಅನ್ನೋದು ತಪ್ಪು ಲೆಕ್ಕ. ನೀನು ಅವರ 11.5ರಿಂದ ಕಳೀತಾ ಇದ್ದೀಯ. 11.5 ಯಾರು ಕಟ್ಟಿದ ರೇಟು? ಅದೇ ವರ್ಷದ, ಪೂರ್ತಿ ಬಿಲ್ಲಿರೋ, ಜಗ್ಗದ ಟಿಟಿ ಬೆಂಗಳೂರಲ್ಲಿ ಎಷ್ಟಕ್ಕೆ ಹೋಗ್ತಿದೆ ಅಂತ ನಾಲ್ಕು ಕಡೆ ಕೇಳು. ಅಲ್ಲಿಂದ ಶುರು ಮಾಡು. ಕಳೆಯುವಾಗ ಒಳ್ಳೇದಾಗಬಹುದು ಅಂತ ಕಳೀಬೇಡ, ಕೆಟ್ಟದೇ ಆಯ್ತು ಅಂತ ಕಳಿ. ಮೆಕಾಟ್ರಾನಿಕ್ ಒಂದೂವರೆ, ಪಿಸ್ಟನ್ ಮೂರು, ಚೈನ್ ಕಿಟ್ ಕೂಲಿ ಸೇರಿ ಒಂದು, ಶಾಕ್, ಟೈರ್, ಆರ್‌ಸಿ. ಉಳಿದದ್ದು ನಿನ್ನ ರೇಟು. ಅವರು ನಗಬಹುದು, ನಗಲಿ. ಕೈಯಲ್ಲಿರೋ 12 ಲಕ್ಷದಲ್ಲಿ ಗಾಡಿಗೆ 12 ಹಾಕಿದ್ರೆ ರಿಪೇರಿಗೆ ಏನು ಮಾರ್ತೀಯ, ಹಸಿ ಅಡಿಕೆನಾ?


ಬಿ.ಎಚ್. ರೋಡ್ ಬಾಸ್
ಗುರುವಾರ ಬೆಳಿಗ್ಗೆ 9:40

ನಾನು ಮೊದಲೇ ಹೇಳಿದ್ದೆ. ಯಾರು ಕೇಳ್ತಾರೆ.


ಅಡಿಕೆತೋಟದ ಹುಡುಗ
ಮುಂದಿನ ಸೋಮವಾರ ರಾತ್ರಿ 11:10

ಹೋಗಿ ಬಂದೆ. ಒಂದಲ್ಲ, ಎರಡು ಸಲ.

ಶನಿವಾರ ಬೆಳಿಗ್ಗೆ 8ಕ್ಕೆ ಬರ್ತೀನಿ ಅಂತ ಫೋನ್ ಮಾಡಿ ಹೇಳಿದ್ದೆ. ಹೋದವನೇ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಬೆಚ್ಚಗೆ ಅಂದರೆ ಆಗ ತಾನೇ ಒಲೆಯಿಂದ ಇಳಿಸಿದ ಹಂಡೆಯ ಹಾಗೆ. ಓನರ್ "ಬ್ಯಾಟರಿ ಡೌನ್ ಆಗಿತ್ತು, ನೀವು ಬರ್ತೀರಂತ ಚಾರ್ಜ್ ಆಗ್ಲಿ ಅಂತ ಸ್ಟಾರ್ಟ್ ಮಾಡಿಟ್ಟೆ" ಅಂದರು. ನಿಜವೂ ಇರಬಹುದು, ಎಂಟು ತಿಂಗಳು ನಿಂತ ಗಾಡಿ. ಸ್ಪ್ಯಾನರ್ ಅಣ್ಣನ ಮಾತು ನೆನಪಾಗಿ, ಮುಖ ಗಂಟು ಹಾಕದೆ, "ನಾಳೆ 6ಕ್ಕೆ ಬರ್ತೀನಿ ಸಾರ್, ದಯವಿಟ್ಟು ಮುಟ್ಟಬೇಡಿ" ಅಂದೆ. ಅವರ ಮನೆಯವರು ಕಾಫಿ ಕೊಟ್ಟರು, ಕುಡಿದು ಬಂದೆ.

ಭಾನುವಾರ 6ಕ್ಕೆ ಸ್ಕ್ಯಾನರ್ ಇರುವ ಒಬ್ಬರನ್ನ ಕರ್ಕೊಂಡು ಹೋದೆ. ಬಾನೆಟ್ ಮೇಲೆ ಇಬ್ಬನಿ ಇತ್ತು, ಕೈ ಇಟ್ಟ ಜಾಗ ಅಚ್ಚಾಯಿತು. ಸ್ಟಾರ್ಟ್ ಮಾಡಿದರು. ಗಲಗಲ. ಎರಡು ಸೆಕೆಂಡೂ ಇಲ್ಲ. ಓನರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆ ಶಬ್ದ ಅವರಿಗೆ ಹೊಸದಲ್ಲ ಅನ್ನಿಸಿತು. 93ನೇ ಬ್ಲಾಕ್ ನೋಡಿದ ಸ್ಕ್ಯಾನರಿನವರು ಏನೂ ಹೇಳದೆ ಫೋನಿನಲ್ಲಿ ಫೋಟೋ ತೆಗೆದುಕೊಂಡು ತಲೆ ಆಡಿಸಿದರು. ಮುಚ್ಚಳ ಬಿಚ್ಚಿದಾಗ ಸಿಳ್ಳೆ ಬರಲಿಲ್ಲ, ಸುಮ್ಮನೆ ಸಲೀಸಾಗಿ ಎದ್ದು ಬಂತು. ಅಂದರೆ ಆ ಪುಣ್ಯವೂ ಇಲ್ಲ. ಇಲಿ ಹಿಕ್ಕೆ ಮಾತ್ರ ಇತ್ತು, ಬ್ಯಾಟರಿ ಪಕ್ಕ, ಒಂದು ಹಿಡಿ.

ಆದರೂ ಓಡಿಸಿದೆ. ಅಷ್ಟು ದೂರ ಹೋಗಿ ಓಡಿಸದೆ ಬರೋದು ಹೇಗೆ. ಗಾಜನೂರು ದಾಟಿದ ಮೇಲೆ ಮರಗಳ ನಡುವೆ ರಸ್ತೆ ಖಾಲಿ ಇತ್ತು, ಮೂರನೇ ಗೇರಿನಲ್ಲಿ ಒಂದು ಸಲ ಕಾಲೊತ್ತಿದೆ. ಏನು ಹೇಳಲಿ. ಬೆನ್ನು ಸೀಟಿಗೆ ಅಂಟಿಕೊಂಡಿತು. ಮಂಡಗದ್ದೆ ಹತ್ತಿರ ನಿಲ್ಲಿಸಿ ಐದು ನಿಮಿಷ ಸುಮ್ಮನೆ ಹೊಳೆ ನೋಡಿದೆ. ವಾಪಸ್ ಪೇಟೆಗೆ ಬಂದ ಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ಯಾರೋ ಹಿಂದಿನಿಂದ ದೂಡಿದ ಹಾಗೆ ಜಗ್ಗುತ್ತಿತ್ತು. ರಿವರ್ಸಿನಲ್ಲಿ ಏರು ಹತ್ತಿಸುವಾಗ ಒಂದು ಸಲ ಗೇರ್ ಬಿಟ್ಟೇ ಹೋಯಿತು, ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ಮಿನುಗಿತು.

ಲೆಕ್ಕ ಹಾಕಿ 6 ಲಕ್ಷ ಅಂದೆ. ಅವರು ನಗಲಿಲ್ಲ. "ನಾನೇ 13ಕ್ಕೆ ತಗೊಂಡಿದ್ದು" ಅಂದರು. ಆಮೇಲೆ ತುಂಬ ಹೊತ್ತಿನ ಮೇಲೆ 9 ಅಂದರು. ನಾನು ಕೈ ಕುಲುಕಿ ಬಂದೆ. ಬಸ್ಸಿನಲ್ಲಿ ಬರುವಾಗ ಎರಡು ಸಲ ಫೋನ್ ತೆಗೆದು 7 ಅಂತ ಹೇಳೋಣ ಅಂದುಕೊಂಡೆ, ಹೇಳಲಿಲ್ಲ. ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿದ್ದರು. "ತಂದ್ಯಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಆ ಜಾಲರಿ ಎತ್ತರ ಮಾಡಿಸೋದು ಬೇಡ ಬಿಡು" ಅಂದರು. ಕಬ್ಬಿಣದವನಿಗೆ ಹೇಳಿಬಿಟ್ಟಿದ್ದರಂತೆ.


ಕೊಪ್ಪದ ಕಾಫಿಪುಡಿ
ಸೋಮವಾರ ರಾತ್ರಿ 11:32

ನಿಮ್ಮಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.


ಸಾಗರ ರೋಡ್ ಸ್ಪ್ಯಾನರ್
ಮಂಗಳವಾರ ಬೆಳಿಗ್ಗೆ 6:12

ಆ ಗಾಡಿ ಎರಡು ತಿಂಗಳು ಅಲ್ಲೇ ಇರುತ್ತೆ. ನೀನಾಗಿ ಫೋನ್ ಮಾಡಬೇಡ, ಅವರೇ ಮಾಡ್ತಾರೆ. ಮಾಡಿದ್ರೂ ಚೈನ್ ಹಾಕಿಸದೆ ಸ್ಟಾರ್ಟ್ ಮಾಡಿಸಬೇಡ, ಲಾರಿ ಮೇಲೇ ತರಿಸು.


ಬಿ.ಎಚ್. ರೋಡ್ ಬಾಸ್
ಮಂಗಳವಾರ ಬೆಳಿಗ್ಗೆ 9:15

ತೋಟದವರೇ, ಒಂದು ಸಣ್ಣ ವಿಷಯ. ಓನರ್ ನಂಬರ್ ಸ್ವಲ್ಪ ಪ್ರೈವೇಟ್ ಮೆಸೇಜಲ್ಲಿ ಕಳಿಸ್ತೀರಾ? ಸುಮ್ನೆ ನೋಡೋಣ ಅಂತ ಅಷ್ಟೇ.